ಮಣ್ಣಿಗೆ ಕೈ ಹಾಕುವ ಮೊದಲು: ಮೆಟಲ್ ಡಿಟೆಕ್ಟರ್ ಬಳಸುವವರಿಗೆ ಕೈಗವಸಿನ ಸಮಗ್ರ ಮಾರ್ಗದರ್ಶಿ

ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನಿಂತರೆ ಹಾದಿಯಲ್ಲಿ ಹೋಗುವವರು ಕೇಳುವ ಮೊದಲ ಪ್ರಶ್ನೆ, 'ಏನಪ್ಪಾ, ನಿಧಿ ಸಿಕ್ಕಿತೇ?' ಎಂಬುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆಯಲ್ಲಿ ಅರ್ಧ ತಮಾಷೆ, ಅರ್ಧ ಅನುಮಾನ. ನಿಧಿಯಾಸೆಗೆ ಪಾಳುಗುಡಿ ಅಗೆಯುವವರು ಇರುವವರೆಗೂ ಆ ಅನುಮಾನವನ್ನು ತಪ್ಪೆನ್ನಲಾಗದು. ಈ ಬರಹ ಅಂಥವರಿಗಲ್ಲ. ಟೊಮೆಟೊ ಬೆಳೆ ಮುಗಿದ ಮೇಲೆ ಸಾಲುಗಳಲ್ಲಿ ಉಳಿದ ಕಟ್ಟುತಂತಿ ಹುಡುಕುವವರು, ದ್ರಾಕ್ಷಿ ಚಪ್ಪರ ಕಿತ್ತ ಜಾಗಕ್ಕೆ ರೋಟವೇಟರ್ ಇಳಿಸುವ ಮೊದಲು ನೆಲ ಶೋಧಿಸುವವರು, ಮಣ್ಣಡಿ ಸೇರಿಹೋದ ಗೇಟ್‌ವಾಲ್ವ್ ಎಲ್ಲಿದೆಯೆಂದು ತಿಳಿಯದೆ ತಲೆ ಕೆರೆದುಕೊಳ್ಳುವವರು, ಕಳೆ ಕೀಳುವಾಗ ಕಳಚಿ ಬಿದ್ದ ಓಲೆಗಾಗಿ ಪರದಾಡುವವರು, ಸ್ವಂತ ಜಮೀನಿನಲ್ಲಿ ಹವ್ಯಾಸಕ್ಕಾಗಿ ಹುಡುಕುವವರು: ಇವರಿಗಾಗಿ ಬರೆದದ್ದು.

ಹಸು ಸಾಕುವವರಿಗಂತೂ ಇದು ಹವ್ಯಾಸವಲ್ಲ, ಕೆಲಸ. ಹಸು ಮೇವನ್ನು ಮೊದಲ ಸಲ ಸರಿಯಾಗಿ ಅಗಿಯದೆ ನುಂಗುತ್ತದೆ. ಹುಲ್ಲಿನೊಂದಿಗೆ ಒಳಗೆ ಹೋದ ತಂತಿಯೋ ಮೊಳೆಯೋ ಅದರ ಎರಡನೆಯ ಹೊಟ್ಟೆಯಲ್ಲಿ ನಿಂತು ಗೋಡೆಯನ್ನು ಚುಚ್ಚುತ್ತದೆ. ಕೆಲವೊಮ್ಮೆ ಹೃದಯದ ಹೊದಿಕೆಯವರೆಗೂ ತೂರುತ್ತದೆ. ಹಾಲಿನ ಆದಾಯ ನಂಬಿದ ಮನೆಗೆ ಅದು ದೊಡ್ಡ ಪೆಟ್ಟು. ಕೊಟ್ಟಿಗೆಯ ಸುತ್ತ, ಮೆದೆ ಹಾಕುವ ಜಾಗದಲ್ಲಿ, ಮೇವಿನ ಜೋಳ ಬಿತ್ತುವ ಹೊಲದಲ್ಲಿ ವರ್ಷಕ್ಕೊಮ್ಮೆ ಡಿಟೆಕ್ಟರ್ ಆಡಿಸುವುದು ಒಳ್ಳೆಯ ಅಭ್ಯಾಸ.

ತೊಡಕು ಇರುವುದು ಇಲ್ಲಿ: ನಾವು ಹುಡುಕುತ್ತಿರುವ ವಸ್ತುವೇ ಚುಚ್ಚುವಂಥದ್ದು. ಜೊತೆಗೆ ಯಂತ್ರಕ್ಕೆ ತಿಳಿಯುವುದು ಲೋಹ ಮಾತ್ರ. ಒಡೆದ ಗಾಜಿಗೆ, ಜಾಲಿ ಮುಳ್ಳಿಗೆ, ಚೇಳಿಗೆ ಅದು ಕೂಗುವುದಿಲ್ಲ. ಕೈಗವಸು ಬೇಕೆಂದು ಎಲ್ಲರೂ ಹೇಳುತ್ತಾರೆ. ಎಂಥದ್ದು, ಯಾವ ಕೈಗೆ, ಎಷ್ಟರಮಟ್ಟಿಗೆ ಅದನ್ನು ನಂಬಬಹುದು ಎಂದು ಹೇಳುವವರು ಕಡಿಮೆ.

ಮೊದಲ ಹೆಜ್ಜೆ: ಜಾಗ ಯಾರದು, ಎಂಥದು

ಕೈಗವಸಿನ ಮಾತಿಗೂ ಮುಂಚೆ ಇದೊಂದು ಇತ್ಯರ್ಥವಾಗಬೇಕು. ನಂದಿ ಗ್ರಾಮದ ಭೋಗನಂದೀಶ್ವರ, ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯ, ಮಧುಗಿರಿಯ ಕೋಟೆ, ಇಂಥ ಸಂರಕ್ಷಿತ ತಾಣಗಳ ಬಳಿಗೆ ಯಂತ್ರ ಒಯ್ಯಲೇಬೇಡಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಅರಣ್ಯಭೂಮಿ, ಹಳೆಯ ಕೋಟೆಗೋಡೆ, ವೀರಗಲ್ಲಿನ ಸುತ್ತಮುತ್ತ ಎಲ್ಲವನ್ನೂ ಇದೇ ಪಟ್ಟಿಗೆ ಸೇರಿಸಿಕೊಳ್ಳಿ. ಸ್ವಂತ ಜಮೀನಿನಲ್ಲೇ ಹಳೆಯ ನಾಣ್ಯ, ಒಡವೆ ಸಿಕ್ಕರೂ ಅದು ತಾನಾಗಿಯೇ ಸಿಕ್ಕವರ ಸೊತ್ತಾಗುವುದಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿಯ ಕುರಿತ ಕಾನೂನು ನಮ್ಮ ದೇಶದಲ್ಲಿ 1878ರಿಂದಲೇ ಇದೆ. ಬೇರೆಯವರ ಹೊಲವಾದರೆ ಮಾಲೀಕರ ಒಪ್ಪಿಗೆ ಬೇಕು, ಅದೂ ನಾಲ್ಕು ಜನರಿಗೆ ಗೊತ್ತಿರುವಂತೆ.

ಜಾಗ ಗೊತ್ತಾದ ಮೇಲೆ ಅಲ್ಲಿ ಕೈಗೆ ಏನೇನು ತಾಗಬಹುದು ಎಂದು ಯೋಚಿಸಿ. ರಾಗಿ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚುತ್ತದೆ, ನೆಗ್ಗಿಲು ಮುಳ್ಳು ಅಂಟುತ್ತದೆ. ಪಾವಗಡ, ಶಿರಾ, ಬಾಗೇಪಲ್ಲಿ ಕಡೆಯ ಒಣಭೂಮಿಯ ಬದುಗಳಲ್ಲಿ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿಯನ್ನೇ ದಾಟಿ ಬರುವಂಥದ್ದು, ಹೆಣೆದ ಕೈಗವಸು ಅದಕ್ಕೆ ಲೆಕ್ಕವೇ ಅಲ್ಲ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ ಬೆಳೆದ ಬೀಳಿನಲ್ಲಿ ಮುಳ್ಳಿನ ಕಾಟವಿಲ್ಲ, ಆದರೆ ಕೆಲವರಿಗೆ ಅದು ಸೋಕಿದರೆ ಸಾಕು, ಚರ್ಮ ಕೆಂಪಾಗಿ ತುರಿಕೆ ಏಳುತ್ತದೆ. ಸೋಕಿದರೆ ವಿಪರೀತ ತುರಿಸುವ ನಸುಗುನ್ನಿ ಬಳ್ಳಿ ಹಬ್ಬಿದ ಬೇಲಿಯ ವಿಷಯ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ.

ಕೆರೆಯಂಗಳದ ಲೆಕ್ಕ ಬೇರೆ. ಅಲ್ಲಿ ಒಡೆದ ಬಾಟಲಿ, ಮೀನಿನ ಗಾಳ, ಹಬ್ಬದಲ್ಲಿ ಮುಳುಗಿಸಿದ ಗಣೇಶನ ಮೂರ್ತಿಯೊಳಗಿನ ತಂತಿ, ಮೊಳೆ ಎಲ್ಲ ಕೆಸರಿನಲ್ಲಿ ಕೂತಿರುತ್ತವೆ. ಕೋಲಾರದ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಹರಿಯುತ್ತಿದೆ. ಅಂಥ ಕೆರೆಯಿರಲಿ, ಮಳೆನೀರಿನ ಕೆರೆಯೇ ಇರಲಿ, ಹಸಿಕೆಸರಿಗೆ ನೀರು ಒಳಬಿಡದ ಕೈಗವಸೇ ಸರಿ. ಇಲಿಜ್ವರದ ರೋಗಾಣು ಇಲಿ, ಹೆಗ್ಗಣ, ದನಗಳ ಮೂತ್ರದಿಂದ ಕೆಸರಿಗೆ ಸೇರಿ, ಚರ್ಮದ ಮೇಲಿನ ಸಣ್ಣ ಗೀರಿನ ಮೂಲಕವೂ ಒಳಗೆ ಹೋಗಬಲ್ಲದು.

ಎರಡನೆಯ ಹೆಜ್ಜೆ: ಎರಡು ಕೈಗೆ ಎರಡು ಬಗೆ

ಅಂಗಡಿಯಲ್ಲಿ ಕೈಗವಸನ್ನು ಜೋಡಿಯಾಗಿಯೇ ಮಾರುತ್ತಾರೆ, ನಾವೂ ಜೋಡಿಯಾಗಿಯೇ ಹಾಕುತ್ತೇವೆ. ಆದರೆ ಈ ಕೆಲಸದಲ್ಲಿ ಎರಡು ಕೈ ಮಾಡುವುದು ಎರಡು ಬೇರೆ ಕೆಲಸ. ಒಂದು ಕೈ ಯಂತ್ರ ಹಿಡಿಯುತ್ತದೆ, ಗುಂಡಿ ಒತ್ತುತ್ತದೆ, ಆಮೇಲೆ ಕುರ್ಪಿ ಹಿಡಿಯುತ್ತದೆ. ಇನ್ನೊಂದು ಕೈ ಮಣ್ಣು ಬಗೆಯುತ್ತದೆ, ಹೆಂಟೆ ಪುಡಿ ಮಾಡುತ್ತದೆ, ವಸ್ತು ಎತ್ತುತ್ತದೆ. ಗಾಯವಾಗುವುದು ಹೆಚ್ಚಾಗಿ ಈ ಎರಡನೆಯ ಕೈಗೆ. ಬಲಗೈಯವರಾದರೆ ಎಡಗೈಗೆ ದಪ್ಪನೆಯದು, ಬಲಗೈಗೆ ತೆಳುವಾದದ್ದು. ನೋಡಲು ವಿಚಿತ್ರವಾಗಿ ಕಾಣುತ್ತದೆ, ಕಾಣಲಿ.

ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿ, ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುವುದನ್ನು ಒಂದೊಂದಾಗಿ ನೋಡೋಣ.

ಬಿಳಿ ಹತ್ತಿಯ ಹೆಣಿಗೆ ಕೈಗವಸು, ಅಂಗೈಯಲ್ಲಿ ಚುಕ್ಕಿ ಇರುವುದು ಮತ್ತು ಇಲ್ಲದಿರುವುದು: ಅತಿ ಅಗ್ಗ, ಬೆವರು ಹೀರುತ್ತದೆ, ಬೊಕ್ಕೆ ತಡೆಯುತ್ತದೆ. ಮೊಳೆಯನ್ನಾಗಲೀ ಗಾಜನ್ನಾಗಲೀ ತಡೆಯುವುದಿಲ್ಲ. ಇದನ್ನು ಒಳಗವಸಾಗಿ ಬಳಸಿ.

ಅಂಗೈಗೆ ನೈಟ್ರೈಲ್ ಅಥವಾ ಲ್ಯಾಟೆಕ್ಸ್ ಎಂಬ ರಬ್ಬರ್ ಲೇಪಿಸಿದ ಕೈಗವಸು: ಈ ಕೆಲಸಕ್ಕೆ ನನ್ನ ಮೊದಲ ಆಯ್ಕೆ. ಹಿಡಿತ ಚೆನ್ನಾಗಿರುತ್ತದೆ, ಬೆರಳಿಗೆ ನಾಣ್ಯದಂಥ ಸಣ್ಣ ವಸ್ತುವೂ ತಿಳಿಯುತ್ತದೆ, ಕೈಯ ಹಿಂಬದಿ ಗಾಳಿಯಾಡುತ್ತದೆ. ಯಂತ್ರ ಹಿಡಿಯುವ ಕೈಗೆ ಇದು ಸಾಕು. ಲ್ಯಾಟೆಕ್ಸ್ ಒಗ್ಗದವರು ನೈಟ್ರೈಲ್ ತೆಗೆದುಕೊಳ್ಳಿ.

ಕೊಯ್ತ ತಡೆಯುವ ನಾರಿನಿಂದ ಹೆಣೆದು ಮೇಲೆ ನೈಟ್ರೈಲ್ ಲೇಪಿಸಿದ್ದು: ಮಣ್ಣು ಬಗೆಯುವ ಕೈಗೆ. ಗಾಜು, ತಗಡಿನ ಅಂಚು, ಬ್ಲೇಡ್ ತುಂಡಿಗೆ ಒಳ್ಳೆಯ ತಡೆ.

ಚರ್ಮದ್ದು: ಜಾಲಿ, ಕಳ್ಳಿ ಇರುವಲ್ಲಿ ಇದಕ್ಕೆ ಸಮನಾದದ್ದಿಲ್ಲ. ವೆಲ್ಡಿಂಗ್ ಕೈಗವಸು ಮೊಣಕೈ ಹತ್ತಿರದವರೆಗೂ ಬರುತ್ತದೆ, ಪೊದೆ ಸರಿಸಲು ಅನುಕೂಲ. ಆದರೆ ಅದನ್ನು ಹಾಕಿಕೊಂಡು ಸಣ್ಣದನ್ನು ಎತ್ತಲಾಗದು. ಎತ್ತಲಾಗದ ಸಿಟ್ಟಿಗೆ ಜನ ಅದನ್ನು ಕಳಚಿ ಬರಿಗೈ ಹಾಕುತ್ತಾರೆ, ಗಾಯವಾಗುವುದು ಆಗಲೇ. ಕೈಗವಸು ಎಷ್ಟು ಗಟ್ಟಿ ಎನ್ನುವುದಕ್ಕಿಂತ ಕೆಲಸ ಮುಗಿಯುವವರೆಗೂ ಕೈಯಲ್ಲಿ ಉಳಿಯುತ್ತದೆಯೇ ಎನ್ನುವುದು ಮುಖ್ಯ.

ಆಸ್ಪತ್ರೆಯಲ್ಲಿ ಬಳಸಿ ಎಸೆಯುವ ತೆಳು ಕೈಗವಸು ಒಂದನ್ನೇ ಹಾಕಿಕೊಂಡು ಮಣ್ಣಿಗೆ ಇಳಿಯಬೇಡಿ. ಒಂದು ಕಲ್ಲು ತಾಗಿದರೆ ಅದರ ಕಥೆ ಮುಗಿಯಿತು. ಆದರೆ ಕೆಸರಿನ ಕಡೆ ಹೋಗುವಾಗ ಲೇಪಿತ ಕೈಗವಸಿನ ಒಳಗೆ ಅದನ್ನು ಹಾಕಿಕೊಂಡರೆ ನೀರು ಒಳಬರುವುದಿಲ್ಲ.

ಒಳ್ಳೆಯ ಕೈಗವಸಿನ ಹಿಂಬದಿಯಲ್ಲಿ ಸುತ್ತಿಗೆಯ ಚಿತ್ರ, 'ಇಎನ್ 388' ಎಂಬ ಬರಹ, ಅದರಡಿ 4131ಎ ಅಥವಾ 4ಎಕ್ಸ್43ಡಿ ಎಂಬಂಥ ಸಂಕೇತ ಇರುತ್ತದೆ. ಇದು ಯುರೋಪಿನ ಮಾನದಂಡ. ಮೊದಲ ಅಂಕಿ ಸವೆತಕ್ಕೆ (1ರಿಂದ 4), ಎರಡನೆಯದು ಕೊಯ್ತಕ್ಕೆ (1ರಿಂದ 5), ಮೂರನೆಯದು ಹರಿಯುವಿಕೆಗೆ (1ರಿಂದ 4), ನಾಲ್ಕನೆಯದು ಚುಚ್ಚುವಿಕೆಗೆ (1ರಿಂದ 4). ಕೊನೆಯ ಅಕ್ಷರ ಕೊಯ್ತದ ಇನ್ನೊಂದು ಪರೀಕ್ಷೆಯದು. ಎ ಕನಿಷ್ಠ, ಎಫ್ ಗರಿಷ್ಠ. ಎಕ್ಸ್ ಎಂದಿದ್ದರೆ ಆ ಪರೀಕ್ಷೆ ಮಾಡಿಲ್ಲ ಅಥವಾ ಅನ್ವಯಿಸುವುದಿಲ್ಲ ಎಂದರ್ಥ. ಮಣ್ಣು ಬಗೆಯುವ ಕೈಗೆ ಚುಚ್ಚುವಿಕೆಯ ಅಂಕಿ 3ಕ್ಕಿಂತ ಕಡಿಮೆ ಇಲ್ಲದ್ದನ್ನು, ಅಕ್ಷರ ಸಿ ಅಥವಾ ಅದಕ್ಕೂ ಮೇಲಿನದನ್ನು ನೋಡಿ.

ಅಂಗಡಿಯವರು ಹೇಳದ ಮಾತೊಂದಿದೆ. ಚುಚ್ಚುವಿಕೆಯ ಆ ಪರೀಕ್ಷೆಗೆ ಬಳಸುವುದು ದಪ್ಪ ಕಡ್ಡಿ, ಹೆಚ್ಚುಕಡಿಮೆ ದೊಡ್ಡ ಮೊಳೆಯ ಗಾತ್ರದ್ದು. ಇಂಜೆಕ್ಷನ್ ಸೂಜಿ, ಜಾಲಿಯ ಮುಳ್ಳಿನ ತುದಿ, ತುಂಡಾದ ಸಣ್ಣ ತಂತಿ ನೂಲಿನ ಸಂದಿಯಲ್ಲೇ ತೂರಿಬಿಡುತ್ತವೆ. ಕೊಯ್ತ ತಡೆಯುವ ಕೈಗವಸು ಚುಚ್ಚುವುದನ್ನೂ ತಡೆಯುತ್ತದೆ ಎಂದು ನಂಬುವವರು ಬಹಳ. ಅದು ಸುಳ್ಳು. 4 ಎಂಬ ಅಂಕಿ ಇದ್ದರೂ ಸೂಜಿಯ ಮುಂದೆ ನಿಮ್ಮ ಕೈ ಬರಿಗೈಗಿಂತ ಸ್ವಲ್ಪವೇ ಮೇಲು.

ಮೂರನೆಯ ಹೆಜ್ಜೆ: ಅಳತೆ

ಹೆಬ್ಬೆರಳನ್ನು ಬಿಟ್ಟು, ಬೆರಳುಗಳ ಬುಡದ ಗೆಣ್ಣಿನ ಹತ್ತಿರ ಅಂಗೈ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ತೆಗೆಯಿರಿ. ಸುಮಾರು 178 ಮಿಲಿಮೀಟರ್ ಬಂದರೆ 7ನೇ ಅಳತೆ, 203ಕ್ಕೆ 8, 229ಕ್ಕೆ 9, 254ಕ್ಕೆ 10. ಇಂಚಿನಲ್ಲಿ ಅಳೆದರೆ ಬಂದ ಅಂಕಿಯೇ ಅಳತೆ. ಸಡಿಲವಾದರೆ ಬೆರಳತುದಿಯಲ್ಲಿ ಉಳಿದ ಬಟ್ಟೆ ಕುರ್ಪಿಗೆ ಸಿಕ್ಕಿಕೊಳ್ಳುತ್ತದೆ. ಬಿಗಿಯಾದರೆ ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯುತ್ತದೆ. ಹೆಣ್ಣುಮಕ್ಕಳ ಕೈಗೆ ಸರಿಹೊಂದುವ 6, 7ನೇ ಅಳತೆ ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ; ಮನೆಯ ಗಂಡಸರ ಕೈಗವಸನ್ನೇ ಹಾಕಿಕೊಂಡು ಸುಧಾರಿಸಬೇಡಿ.

ನಾಲ್ಕನೆಯ ಹೆಜ್ಜೆ: ಯಂತ್ರದ ಮುಂದೆ ಕೈಯಾಡಿಸಿ ನೋಡಿ

ಮನೆಯಂಗಳದಲ್ಲೇ ಇದು ಮುಗಿಯಬೇಕು. ಡಿಟೆಕ್ಟರ್ ಚಾಲು ಮಾಡಿ, ಅದರ ತಟ್ಟೆಯನ್ನು ಲೋಹವಿಲ್ಲದ ಕಡೆ ಎತ್ತಿ ಹಿಡಿದು, ಕೈಗವಸು ತೊಟ್ಟ ಕೈಯನ್ನು ಅದರ ಮುಂದೆ ಆಡಿಸಿ. ಕೂಗಿತೇ? ಹಾಗಾದರೆ ಕೈಗವಸಿನಲ್ಲಿ ಲೋಹವಿದೆ. ಮಣಿಕಟ್ಟಿನ ಒತ್ತುಗುಂಡಿ, ಜಿಪ್, ಹೊಲಿಗೆಗೆ ಹಾಕಿದ ಪಿನ್ನು ಇರಬಹುದು. ಕೊಯ್ತ ತಡೆಯುವ ಉನ್ನತ ದರ್ಜೆಯ ಕೆಲವು ಕೈಗವಸುಗಳಲ್ಲಿ ನೂಲಿನ ಒಳಗೇ ಸಣ್ಣ ಉಕ್ಕಿನ ಎಳೆ ಇರುತ್ತದೆ. ತಟ್ಟೆ ಬೀಸುವಾಗ ಅದು ತೊಂದರೆ ಕೊಡುವುದಿಲ್ಲ, ಏಕೆಂದರೆ ಕೈ ದೂರ ಇರುತ್ತದೆ. ಗುಳಿಯೊಳಗೆ ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್, ಅಂದರೆ ಪಿನ್‌ಪಾಯಿಂಟರ್ ಹಿಡಿದು ಹುಡುಕುವಾಗ ಅದು ನಿಮ್ಮ ಬೆರಳನ್ನೇ ತೋರಿಸುತ್ತ ಹೋಗುತ್ತದೆ.

ಉಂಗುರ, ಬಳೆ, ಕಡಗ, ವಾಚು, ಕೈಗೆ ಕಟ್ಟಿದ ತಾಯಿತದ ಕೊಳವೆ ಇವುಗಳಿಗೂ ಇದೇ ಮಾತು. ಉಂಗುರವನ್ನಂತೂ ಮನೆಯಲ್ಲೇ ತೆಗೆದಿಟ್ಟು ಹೊರಡಿ. ಯಂತ್ರ ಕೂಗುವುದು ಅದಕ್ಕೆ ಚಿಕ್ಕ ಕಾರಣ. ಚೇಳೋ ಹಾವೋ ಕಚ್ಚಿ ಕೈ ಊದಿಕೊಂಡರೆ ಉಂಗುರ ರಕ್ತಸಂಚಾರಕ್ಕೇ ಅಡ್ಡವಾಗುತ್ತದೆ ಎಂಬುದು ದೊಡ್ಡ ಕಾರಣ.

ಐದನೆಯ ಹೆಜ್ಜೆ: ಅಗೆಯುವ ಕ್ರಮ

ಕೈಗವಸು ಹಾಕುವ ಮೊದಲು ತಲೆಕೆಳಗು ಹಿಡಿದು ಜಾಡಿಸಿ. ಕೊಟ್ಟಿಗೆಯಲ್ಲೋ ಪಂಪ್‌ಮನೆಯಲ್ಲೋ ಇಟ್ಟಿದ್ದರೆ ಜಾಡಿಸಿದರೆ ಸಾಲದು, ಒಂದೊಂದೇ ಬೆರಳನ್ನು ಹೊರಗಿನಿಂದ ಹಿಸುಕಿ ನೋಡಿ. ಕತ್ತಲೆ, ಬೆಚ್ಚಗಿನ ಜಾಗ ಚೇಳಿಗೆ ಇಷ್ಟ. ತುಂಬುತೋಳಿನ ಅಂಗಿ ತೊಟ್ಟು, ತೋಳಿನ ಅಂಚನ್ನು ಕೈಗವಸಿನ ಒಳಗೆ ಸೇರಿಸಿ. ಕಾಲಿಗೆ ಶೂ ಇರಲಿ.

ಯಂತ್ರ ಕೂಗಿದ ಜಾಗ ಗುರುತಾದ ಮೇಲೆ ಆತುರ ಬೇಡ. ಮೊದಲು ಕಾಲಿನಿಂದ ನೆಲ ಕುಟ್ಟಿ, ಸುತ್ತಲ ಸೊಪ್ಪುಸದೆಯನ್ನು ಕೋಲಿನಿಂದ ಸರಿಸಿ. ಕಲ್ಲು ಎತ್ತಬೇಕಾದರೆ ಹಾರೆಯಿಂದ ಮೀಟಿ, ಕಲ್ಲಿನ ಆಚೆಯ ಅಂಚು ಏಳುವಂತೆ ನಿಮ್ಮತ್ತ ಉರುಳಿಸಿ. ಅಡಿಯಲ್ಲಿ ಏನಾದರೂ ಇದ್ದರೆ ಅದಕ್ಕೂ ನಿಮಗೂ ನಡುವೆ ಕಲ್ಲು ಇರುತ್ತದೆ. ಗರಗಸ ಮಂಡಲ ನಮ್ಮ ಒಣ ಕಲ್ಲುನೆಲದ ಹಾವು, ಗಾತ್ರದಲ್ಲಿ ಚಿಕ್ಕದು, ಬಣ್ಣದಲ್ಲಿ ಮಣ್ಣಿನದೇ ಛಾಯೆ. ಯಾವ ಬಟ್ಟೆಯ ಕೈಗವಸನ್ನೂ ಹಾವಿನ ಹಲ್ಲಿಗೆ ಒಡ್ಡಬಾರದು.

ಇನ್ನು ಅಗೆತ. ಕೂಗು ಬಂದ ಬಿಂದುವಿನ ಮೇಲೆಯೇ ಕುರ್ಪಿ ನೆಡಬೇಡಿ. ಅದರ ಸುತ್ತ ಒಂದು ಗೇಣು ಅಗಲಕ್ಕೆ ಮಣ್ಣನ್ನು ಮೂರು ಕಡೆ ಕತ್ತರಿಸಿ, ಮುಚ್ಚಳ ಎತ್ತಿದಂತೆ ಒಂದು ಬದಿಗೆ ಮಗುಚಿ. ನಾಣ್ಯದಷ್ಟು ಸಣ್ಣ ವಸ್ತು ಸಾಮಾನ್ಯವಾಗಿ ಒಂದು ಗೇಣಿನ ಆಳದೊಳಗೇ ಇರುತ್ತದೆ. ಈಗ ಮೊದಲು ಕಣ್ಣು, ಆಮೇಲೆ ಪಿನ್‌ಪಾಯಿಂಟರ್, ಆಮೇಲೆ ಕುರ್ಪಿಯ ತುದಿ, ಕೊನೆಗೆ ಕೈ. ಈ ಸರದಿ ತಪ್ಪಬಾರದು. ಗುಳಿಯಲ್ಲಿ ಕೈಬಿಟ್ಟು ಕುರುಡಾಗಿ ತಡಕಾಡುವ ಚಟ ಎಲ್ಲರಿಗೂ ಇದೆ. ಕೈಗವಸು ಇದ್ದರೆ ಆ ಚಟ ಇನ್ನಷ್ಟು ಹೆಚ್ಚುತ್ತದೆ. ಮಣ್ಣನ್ನು ಒಂದು ಗೋಣಿ ಚೀಲದ ಮೇಲೆ ಹರಡಿ, ಚೀಲದ ಮೇಲೆ ಯಂತ್ರ ಆಡಿಸಿ, ಕೂಗುವ ಹೆಂಟೆಯನ್ನಷ್ಟೇ ಕುರ್ಪಿಯಿಂದ ಒಡೆಯಿರಿ. ಅಂಗೈ ನಡುವೆ ಹಿಸುಕಿ ಹೆಂಟೆ ಪುಡಿ ಮಾಡುವಾಗ ಒಳಗಿನ ಮೊಳೆ ಎತ್ತ ಮುಖ ಮಾಡಿದೆ ಎಂದು ಯಾರಿಗೆ ಗೊತ್ತು?

ಬೇಸಿಗೆಯಲ್ಲಿ ನಮ್ಮ ಕೆಂಪುನೆಲ, ಗರಸು ಕಲ್ಲಿನಂತಾಗಿ ಅಗೆತ ಕೈ ಜಾರಿಸುತ್ತದೆ. ಮುಂಗಾರಿನ ಮೊದಲ ಹದ ಮಳೆಯ ನಂತರದ ದಿನಗಳು ಒಳ್ಳೆಯವು. ಬಿಸಿಲಲ್ಲಿ ಕೈ ಬೆವತು ಒಳಗೆ ಜಾರತೊಡಗಿದರೆ ನಿಲ್ಲಿಸಿ, ಒಳಗವಸು ಬದಲಿಸಿ.

ಮೇಲೆ ಬಂದ ತಂತಿ, ಮೊಳೆಯನ್ನು ಜೇಬಿಗೆ ಹಾಕಬೇಡಿ. ಸೊಂಟಕ್ಕೆ ಕಟ್ಟಿದ ಗಟ್ಟಿ ಡಬ್ಬಿ ಇರಲಿ. ಗುಳಿ ಮುಚ್ಚಿಯೇ ಮುಂದೆ ಹೋಗಿ, ಸಂಜೆ ಮೇಯಲು ಬರುವ ದನದ ಕಾಲು ಅದರಲ್ಲಿ ಸಿಗಬಾರದು.

ಕೈಗವಸು ಕೆಲಸಕ್ಕೆ ಬಾರದ ಜಾಗಗಳು

ಕಲ್ಲುಕ್ವಾರಿಯ ಸುತ್ತಮುತ್ತ ಅಗೆಯುವಾಗ ಪೆನ್ಸಿಲಿನಷ್ಟು ದಪ್ಪದ ಅಲ್ಯೂಮಿನಿಯಂ ಅಥವಾ ತಾಮ್ರದ ಕೊಳವೆ, ಅದಕ್ಕೆ ಅಂಟಿದ ಬಣ್ಣದ ವಯರ್ ಕಂಡರೆ ಅದು ಸಿಡಿಯದೆ ಉಳಿದ ಡಿಟೋನೇಟರ್, ಅಂದರೆ ಬಂಡೆ ಸಿಡಿಸುವ ಮದ್ದಿಗೆ ಕಿಡಿ ಕೊಡುವ ಕೊಳವೆ ಇರಬಹುದು. ಮುಟ್ಟಬೇಡಿ, ವಯರ್ ಎಳೆಯಬೇಡಿ, ಮೊಬೈಲ್ ಹಿಡಿದು ಹತ್ತಿರ ನಿಂತು ಚಿತ್ರ ತೆಗೆಯಬೇಡಿ. ದೂರ ಸರಿದು 112ಕ್ಕೆ ಕರೆ ಮಾಡಿ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತದ್ದು ಈ ಭಾಗದವರಿಗೆ ಮರೆತಿರಲಿಕ್ಕಿಲ್ಲ.

ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ಇನ್ನೊಂದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಆದರೆ ಸೈನೈಡ್ ಬಳಸಿ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿ ಗುಡ್ಡಗಳಾಗಿ ಅಲ್ಲೇ ನಿಂತಿದೆ. ಗಾಳಿ ಬೀಸಿದಾಗ ಅದು ಏಳುವುದು ಮೂಗು, ಕಣ್ಣಿನ ಮಟ್ಟಕ್ಕೆ; ಕೈಗೆ ಏನು ತೊಟ್ಟರೇನು? ಚಿನ್ನದೂರು ಎಂಬ ಹೆಸರು ಕೇಳಿ ಯಂತ್ರ ಹೊತ್ತು ಅಲ್ಲಿಗೆ ಹೋಗುವ ಯೋಚನೆಯಿದ್ದರೆ ಕೈಬಿಡಿ.

ಊರಾಚೆಯ ಕಸದ ಗುಂಡಿಯಲ್ಲೂ ಹುಡುಕಬೇಡಿ. ಅಲ್ಲಿ ಸಿಗುವುದರಲ್ಲಿ ಇಂಜೆಕ್ಷನ್ ಸೂಜಿಯೂ ಒಂದು.

ಗಾಯವಾದರೆ

ಚುಚ್ಚಿದ ಕೂಡಲೇ ಕೈಗವಸು ಕಳಚಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ ಯಾವುದೂ ಬೇಡ. ತುಕ್ಕು ಹಿಡಿದ ಮೊಳೆಯಿಂದಲೇ ಧನುರ್ವಾಯು ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಧನುರ್ವಾಯುವಿನ ರೋಗಾಣುವಿನ ಬೀಜ ಇರುವುದು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ. ಹೊಚ್ಚಹೊಸ ತಂತಿ, ಜಾಲಿ ಮುಳ್ಳು ಕೂಡ ಅದನ್ನು ಆಳಕ್ಕೆ ದೂಡಬಲ್ಲವು. ಮಣ್ಣು ಸೇರಿದ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ವೈದ್ಯರು ಮತ್ತೊಂದು ಕೊಡುತ್ತಾರೆ. ಯಾವಾಗ ಹಾಕಿಸಿಕೊಂಡಿರಿ ಎಂಬ ನೆನಪೇ ಇಲ್ಲದಿದ್ದರೆ ಅಂದೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಬಳಸಿ ಎಸೆದ ಸೂಜಿ ಚುಚ್ಚಿದರೆ ಗಾಯ ಹಿಂಡಬೇಡಿ, ತೊಳೆದು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ.

ಹಾವು ಕಚ್ಚಿದರೆ ಮೊದಲು ಕೈಗವಸು, ವಾಚು, ಬಳೆ ತೆಗೆಯಿರಿ, ಊತ ಏರಿದ ಮೇಲೆ ಬರುವುದಿಲ್ಲ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲವೂ ಹಾನಿಯೇ. ಕೈ ಅಲುಗದಂತೆ ಹಲಗೆ ಕೊಟ್ಟು ಕಟ್ಟಿ, 108ಕ್ಕೆ ಕರೆ ಮಾಡಿ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿದೆ, ಮಂತ್ರದಲ್ಲಿಲ್ಲ. ಚೇಳು ಕುಟುಕಿ ಮೈ ಬೆವರುವುದು, ವಾಂತಿ, ಉಸಿರಾಟದ ತೊಂದರೆ ಕಂಡರೂ ಇದೇ ದಾರಿ; ಮಕ್ಕಳಾದರೆ ಲಕ್ಷಣಕ್ಕಾಗಿ ಕಾಯಲೇಬೇಡಿ.

ಮನೆಗೆ ಬಂದ ಮೇಲೆ

ಕೈಗವಸಿನ ಹೊರಮೈ ಬರಿಗೈಗೆ ತಾಗದಂತೆ, ಮಣಿಕಟ್ಟಿನ ಅಂಚು ಹಿಡಿದು ಒಳಮಗ್ಗುಲು ಹೊರಗಾಗುವಂತೆ ಕಳಚಿ. ಮೊಬೈಲನ್ನು, ನೀರಿನ ಬಾಟಲಿಯನ್ನು ಅದೇ ಕೈಗವಸಿನಲ್ಲಿ ಮುಟ್ಟಿದ್ದರೆ ಅವನ್ನೂ ಒರೆಸಿ. ಲೇಪಿತ ಕೈಗವಸನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ನೇತುಹಾಕಿ. ಬಿಸಿಲಿಗೆ ಲೇಪ ಬಿರುಕು ಬಿಡುತ್ತದೆ. ಚರ್ಮದ್ದನ್ನು ನೆನೆಸಬೇಡಿ, ಒಣ ಬ್ರಷ್ಷಿನಿಂದ ಮಣ್ಣು ಉದುರಿಸಿ. ತೊಳೆದ ಮೇಲೆ ಒಳಗೆ ಬೆರಳಾಡಿಸಿ, ಮುರಿದ ಮುಳ್ಳಿನ ತುದಿ ಸಿಕ್ಕಿಕೊಂಡಿದೆಯೇ ನೋಡಿ. ಬೆರಳತುದಿಯ ಲೇಪ ಸವೆದು ನೂಲು ಕಂಡ ಕೈಗವಸಿಗೆ ಈ ಕೆಲಸದಿಂದ ನಿವೃತ್ತಿ; ಕೊಟ್ಟಿಗೆ ಗುಡಿಸಲು ಅದು ಇನ್ನೂ ಕೆಲವು ದಿನ ಬಾಳುತ್ತದೆ. ಡಬ್ಬಿಯಲ್ಲಿ ಕೂಡಿಟ್ಟ ತಂತಿ, ಮೊಳೆಯನ್ನು ಗುಜರಿಯವರಿಗೆ ಕೊಡಿ, ತಿಪ್ಪೆಗೆ ಸುರಿಯಬೇಡಿ. ತಿಪ್ಪೆಯ ಗೊಬ್ಬರ ಮುಂದಿನ ವರ್ಷ ಅದೇ ಹೊಲಕ್ಕೆ ಹೋಗುತ್ತದೆ.